ಎರಡು ದೋಣಿ

ಇಕೀಕೆಯ ಭೂಕಂಪ ಕೇಂದ್ರದಲ್ಲಿ ರಾತ್ರಿ ಪಾಳಿ ನನ್ನದು.
ಗೇಟು, ಟಾರ್ಚು, ಒಂದು ಫ್ಲಾಸ್ಕು ಕಾಫಿ.
ಬೆನ್ನಿಗೆ ಮರಳಿನ ಗುಡ್ಡ, ಎದುರಿಗೆ ಬಂದರಿನ ದೀಪ.
ಮೂವತ್ತೊಂದು ವರ್ಷ ದೋಣಿ ನಡೆಸಿದವನಿಗೆ
ನೆಲ ಕಾಯುವುದೂ ಒಂದು ಕೆಲಸವೇ?

ಆ ರಾತ್ರಿ ಎದುವಿಹೆಸ್ ಚಲ್ಲಾಪ ಕರೆದಳು,
'ದೋನ್ ಎವರಿಸ್ತೊ, ಸ್ವಲ್ಪ ಬೆಳಕು ಹಿಡಿಯುತ್ತೀರಾ?'
ಯಂತ್ರದ ಪಕ್ಕೆ ಬಿಚ್ಚಿಟ್ಟಿದ್ದಳು. ಒಳಗೆ ಧೂಳು, ತಂತಿ.
ಕೈಯಲ್ಲಿ ಎರಡು ಹೊಸ ಡಿಸ್ಕು,
ಒಂದೇ ದಿನ ಒಂದೇ ಡಬ್ಬದಲ್ಲಿ ಬಂದವು,
ನಂಬರಿನ ಕೊನೆಯ ಅಂಕಿಯಷ್ಟೇ ಬೇರೆ.

'ಹಳೆಯದಕ್ಕೆ ಬರೆಯುವ ವೇಗ ಸಾಲುತ್ತಿಲ್ಲ.
ನೆಲ ನಡುಗಿದರೆ ನಲವತ್ತು ಕಡೆಯಿಂದ ಗೀಟು ಬರುತ್ತವೆ,
ಒಂದನ್ನು ಬರೆಯುವಷ್ಟರಲ್ಲಿ ಇನ್ನೊಂದು ಹೊಸಿಲಲ್ಲಿ.
ಇಬ್ಬರಿಗೂ ಹಂಚಿಬಿಡುತ್ತೇನೆ.'
ಐನೂರ ಹನ್ನೆರಡು ಕಿಲೋಬೈಟು ಇವನಿಗೆ,
ಐನೂರ ಹನ್ನೆರಡು ಅವನಿಗೆ,
ಮತ್ತೆ ಇವನಿಗೆ,
ಕಟ್ಟೆಯ ಮೇಲೆ ಮೀನು ಪಾಲು ಹಾಕಿದ ಹಾಗೆ.
ಒಂದು ಕಣ್ಣಿಗೆ ಬೆಣ್ಣೆಯಿಲ್ಲ, ಒಂದು ಕಣ್ಣಿಗೆ ಸುಣ್ಣವಿಲ್ಲ.

'ಒಂದು ಮುಳುಗಿದರೆ?' ಅಂದೆ.
'ಎರಡೂ' ಅಂದಳು
ತಿರುಪು ಬಿಗಿಯುತ್ತ, ತಲೆಯೆತ್ತದೆ.
ಉಳಿದದ್ದರಲ್ಲಿ ಸಿಗುವುದು ಅರ್ಧ ಕತೆಯೂ ಅಲ್ಲವಂತೆ,
ಒಂದು ಬಿಟ್ಟು ಒಂದು ಮಾತು.
ನನ್ನ ತಮ್ಮ ಕುಡಿದು ಬಂದು ಹೇಳುವುದೂ ಹೀಗೇ.

ಎರಡು ದೋಣಿಯಲ್ಲಿ ಕಾಲಿಡಬಾರದು, ಎಲ್ಲರಿಗೂ ಗೊತ್ತು.
ನಾನು ಇಟ್ಟಿದ್ದೇನೆ.
ದೊಡ್ಡ ಬಲೆ ಎಳೆಯುವ ದಿನ ಎರಡನ್ನೂ ಪಕ್ಕಪಕ್ಕ ಕಟ್ಟಿ
ಇದರಲ್ಲಿ ಎಡಗಾಲು, ಅದರಲ್ಲಿ ಬಲಗಾಲು.
ಹಗ್ಗ ಗಟ್ಟಿಯಿದ್ದರೆ ಅದೇ ಒಂದು ಅಗಲದ ದೋಣಿ.
ಹಗ್ಗ ಗಟ್ಟಿಯಿದ್ದರೆ.

ಒಂದೂವರೆಗೆ ಗುಂಡಿ ಒತ್ತಿದಳು.
ಕತ್ತಲೆಯ ತೆರೆ. ಮೂಲೆಯಲ್ಲಿ ಒಂದು ಬಿಳಿ ಗೀರು
ಮಿಟುಕಿತು, ಮಿಟುಕಿತು, ಅಷ್ಟೇ.
ಒಳಗೆ ಲಿನಕ್ಸ್ ಇದೆ, ಪೂರ್ತಿ ಇದೆ,
ಎಬ್ಬಿಸಬೇಕಾದವನಿಗೆ ಮಾತ್ರ ಚೂರು ಜೋಡಿಸಲು ಬಾರದು.
ಜೋಡಿಸುವ ವಿದ್ಯೆ ಗೊತ್ತಿರುವುದು ಒಳಗೆ ಮಲಗಿದವನಿಗೆ.
ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದ್ದಾಯಿತು.
ಎದುವಿಹೆಸ್ ಬೈದಳು, ಐಮಾರಾ ಭಾಷೆಯಲ್ಲಿ.
ನಾನು ಅರ್ಥ ಕೇಳಲಿಲ್ಲ.

ಹೊಳೆದದ್ದು ಲೋಟ ತೊಳೆಯುವಾಗ.
ಹಾಕಿದ್ದನ್ನೆಲ್ಲ ಅಳಿಸಿದಳು.
ಮೊದಲ ಡಿಸ್ಕಿನ ತಲೆಯಲ್ಲಿ ಒಂದೇ ಒಂದು ಗಿಗಾಬೈಟು
ಹಂಚದೆ, ಸೀಳದೆ, ಇಡಿಯಾಗಿ ಬಿಟ್ಟಳು.
'ಕರ್ನಲ್ ಇಲ್ಲಿರಲಿ. ಜೊತೆಗೆ ಒಂದು ಪುಟ್ಟ ಗಂಟು,
ಇಬ್ಬರನ್ನೂ ಹೆಸರು ಹಿಡಿದು ಕರೆದು ಕಟ್ಟುವಷ್ಟು ವಿದ್ಯೆ.'
ದಡ, ಅಂದುಕೊಂಡೆ.
ದೋಣಿ ಹತ್ತುವುದಕ್ಕೂ ಕಾಲಡಿಗೆ ಒಂದಿಷ್ಟು ನೆಲ ಬೇಕು.

ಹೆಸರೋ, ಮಾರುದ್ದ. ಅಂಕಿ, ಅಕ್ಷರ, ಗೆರೆ,
ನನ್ನ ಮೊಮ್ಮಗಳಿಗೆ ಚರ್ಚಿನಲ್ಲಿ ಇಟ್ಟದ್ದಕ್ಕಿಂತ ಉದ್ದ.
ನಾನು ಓದಿ ಹೇಳಿದೆ, ಅವಳು ಒತ್ತಿದಳು.
ಒಂದು ಆರನ್ನು ಬಿ ಅಂತ ಓದಿದ್ದೆ.
ಅದಕ್ಕೊಂದು ಗಂಟೆ ಹೋಯಿತು. ಅವಳು ಏನೂ ಅನ್ನಲಿಲ್ಲ,
ಕನ್ನಡಕ ಎಲ್ಲಿ ಅಂತ ಕೇಳಿದಳು, ಅಷ್ಟೇ.

ನಾಲ್ಕು ಹತ್ತಕ್ಕೆ ಎದ್ದಿತು.
ಸಾಲು ಸಾಲು ಅಕ್ಷರ ಮೇಲೇರಿ ಹೋದವು,
ನಮ್ಮನ್ನು ಕಾಯಿಸಿದ ನಾಚಿಕೆಯೇ ಇಲ್ಲದೆ.
ಇನ್ನೂ ಮುಚ್ಚಳ ಹಾಕಿರಲಿಲ್ಲ, ನೆಲ ಅಲುಗಿತು.
ಹೆಚ್ಚೇನಲ್ಲ. ಲೋಟದಲ್ಲಿ ಚಮಚ ಕಿಣಿಕಿಣಿ ಅಂದಿತು.
ನಾವಿಬ್ಬರೂ ಏಳಲಿಲ್ಲ, ಈ ಊರಿನವರು ಅಷ್ಟಕ್ಕೆ ಏಳುವುದಿಲ್ಲ.
ತೆರೆಯ ಮೇಲೆ ನಲವತ್ತು ಗೀಟಿಗೂ ಒಟ್ಟಿಗೆ ರೋಮ ನಿಮಿರಿತು.
ಕೆಳಗೆ ಎರಡು ಹಸಿರು ದೀಪ,
ಇದು, ಅದು, ಇದು, ಅದು,
ಹುಟ್ಟು ಹಾಕುವ ಇಬ್ಬರ ಹಾಗೆ.

'ಗುರುವಾರಕ್ಕೊಮ್ಮೆ ಹಳೆಯ ಡಿಸ್ಕಿಗೆ ನಕಲು ತೆಗೆದಿಡುತ್ತೇನೆ'
ಅಂದಳು, ನಾನು ಕೇಳದಿದ್ದರೂ.
ಬೆಳಗಾದರೆ ಶುಕ್ರವಾರ.

ಗೇಟಿನ ಗೂಡಿಗೆ ಬಂದು ನೋಟ್‌ಬುಕ್ಕು ತೆಗೆದೆ,
ಪೆನ್ಸಿಲು ಚೂಪು ಮಾಡಿ ಬರೆದೆ:
ನಾಲ್ಕು ಮೂವತ್ತೇಳು. ನಡುಗಿತು. ಚಮಚ.