ಹೊಟ್ಟೆಗೆ ಹಾಕಿಕೊಂಡದ್ದು

ಪರೇಲಿನ ಲ್ಯಾಬಿನಲ್ಲಿ ಎಲ್ಲರಿಗೂ ನಂಬರು.
ನೂರಾ ಹದಿನೇಳು ಯಾರೆಂದು ನನಗೆ ತಿಳಿಯಬಾರದು.
ಆದರೆ ಆ ಡಬ್ಬಿ ಬಂದದ್ದು
ಮೂರು ಸುತ್ತು ಕನ್ನಡ ಪೇಪರಿನಲ್ಲಿ, ಬಿಳಿ ದಾರದಲ್ಲಿ,
ಪಾರ್ಸೆಲ್ ಕಟ್ಟಿ ಕಟ್ಟಿ ಪಳಗಿದ ಕೈಯ ಗಂಟು.

ಮಾಟುಂಗಾದ ವಾಮನ ಸಾಲಿಯಾನರು.
ಮೂವತ್ತೆಂಟು ವರ್ಷ ಇಡ್ಲಿಹಿಟ್ಟು ಕಾದವರು.
ಬೆಳಗಿನ ಲೋಕಲಿನಲ್ಲಿ ಎದೆಗೊತ್ತಿಕೊಂಡು ತಂದರಂತೆ.
"ದಾದರಿನಲ್ಲಿ ಒಬ್ಬ ಕೇಳಿದ, ಅಣ್ಣಾ, ಚಟ್ನಿಯಾ?
ಹ್ಞೂಂ ಅಂದೆ. ಪೂರ್ತಿ ಸುಳ್ಳಲ್ಲವಲ್ಲ."

ಸಹಿ ಹಾಕಿಸಿಕೊಂಡು ಓದಿ ಹೇಳಿದೆ:
ಇದು ಪರೀಕ್ಷೆಯಲ್ಲ,
ಪರೀಕ್ಷೆಯಾದೀತೇ ಎಂಬುದರ ಪರೀಕ್ಷೆ.
ಫಲಿತಾಂಶ ನಿಮಗೆ ಬರುವುದಿಲ್ಲ.
"ಹುಳಿ ಬಂತೋ ಇಲ್ಲವೋ ಹೇಳದಿದ್ದರೆ
ಹಿಟ್ಟು ಮೂಸಿ ಏನು ಬಂತು?" ಎಂದರು.

ಹಿಟ್ಟು ಉಬ್ಬಿಸುವುದೂ ಕಣ್ಣಿಗೆ ಕಾಣದ್ದೇ,
ಇದು ಅದರ ದೂರದ ದಾಯಾದಿ.
ಕರುಳಿನ ಗೋಡೆಗಾತು ಕೂತು
ಕೋಲಿಬ್ಯಾಕ್ಟಿನ್ ಎಂಬ ವಿಷ ಹೊಸೆಯುತ್ತದೆ;
ಕೋಶದೊಳಗಿನ ಎರಡೆಳೆ ಹುರಿಯನ್ನು
ಒಂದಕ್ಕೊಂದು ಹೊಲಿದುಬಿಡುತ್ತದೆ.
ಬಿಡಿಸಹೋದರೆ ಹರಿಯುತ್ತದೆ.
ಹರಿದದ್ದು ವರ್ಷಗಟ್ಟಲೆ ಸುಮ್ಮನಿದ್ದು
ಯಾವಾಗಲೋ ಗಂಟಾಗುತ್ತದೆ. ಆಗದೆಯೂ ಇರುತ್ತದೆ.
ಆ 'ಆಗದೆಯೂ' ಎಂಬಲ್ಲೇ
ನಮ್ಮ ಐದು ವರ್ಷದ ಅನುದಾನ ನಿಂತಿದೆ.

ಮಂಗಳವಾರ ರಾತ್ರಿ ಪರದೆಯ ಮೇಲೆ
ನೂರಾ ಹದಿನೇಳರ ಗೆರೆ ಎಲ್ಲರಿಗಿಂತ ಮೊದಲು ಎದ್ದಿತು.
ಹೋದ ತಿಂಗಳು ನನ್ನದೂ ಎದ್ದಿತ್ತು,
ಆರೋಗ್ಯವಂತರ ಲೆಕ್ಕಕ್ಕೆಂದು ಕೊಟ್ಟದ್ದು.
ಯಾರಿಗೆ ಹೇಳುವುದು? ಏನಂತ?

ಶನಿವಾರ ಅವರ ಹೋಟೆಲಿನಲ್ಲಿ ಹೋಗಿ ಕೂತೆ.
ಒಳಗಿನಿಂದ ತಾವೇ ಬಂದರು, ಮೊಣಕೈವರೆಗೆ ಹಿಟ್ಟು.
"ಮಾಲೀಕ ಬೈದದ್ದು, ತಮ್ಮ ಪಾಲು ಕೊಡದ್ದು,
ಎಲ್ಲ ಹೊಟ್ಟೆಗೆ ಹಾಕಿಕೊಂಡೆ ಮೇಡಂ,
ಅದಕ್ಕೇ ಏನೋ" ಎಂದು ನಕ್ಕರು.
ಅದಕ್ಕಲ್ಲ, ಎಂದೆ.
ಎಷ್ಟು ಗಟ್ಟಿಯಾಗಿ ಎಂದರೆ
ಪಕ್ಕದ ಮೇಜಿನವರು ತಿರುಗಿದರು.

ವಿಷದ ಮಾತೆತ್ತಲಿಲ್ಲ. ಸಾಕ್ಷಿ ಹೇಳಲು
ಅದಕ್ಕಿನ್ನೂ ಪ್ರಾಯ ಬಂದಿಲ್ಲ.
ವಯಸ್ಸೆಷ್ಟು ಎಂದೆ. ಐವತ್ತೊಂಬತ್ತು.
ನಳಿಗೆ ಬಿಟ್ಟು ಕರುಳು ನೋಡಿಸಿದ್ದೀರಾ?
ಇಲ್ಲ.
ಐವತ್ತು ದಾಟಿದವರು ಒಮ್ಮೆ ನೋಡಿಸಬೇಕು,
ಯಾರಾದರೂ, ಎಂದೆ.
ನಿಜವನ್ನೇ ಕಟ್ಟಿಕೊಟ್ಟೆ,
ಮೂರು ಸುತ್ತು ಪೇಪರಿನಲ್ಲಿ.

ಅವರು ನನ್ನ ಮುಖ ನೋಡಿದರು,
ಮುಚ್ಚಳ ತೆಗೆಯದೆ ಹುಳಿ ಹೇಳುವವರ ಹಾಗೆ.
"ಬುಧವಾರ ರಜೆ ಕೇಳುತ್ತೇನೆ."
ನನ್ನ ತಟ್ಟೆಗೆ ಇನ್ನೊಂದು ಸೌಟು ಸಾಂಬಾರ್ ಸುರಿದು
ಒಳಗೆ ಹೋದರು.