ಧರ್ಮಾಂಬುಧಿ

ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಪಾಳಿ, ಟೈಂ ಕೀಪರನ ಗೂಡು.
ಕಡಲೇಕಾಯಿ ಮುಗಿಸಿ ಪೊಟ್ಟಣ ಬಿಡಿಸಿದರೆ
ಯಾವುದೋ ಮಕ್ಕಳ ಪುಸ್ತಕದ ಹಾಳೆ:
ಚಿಲಿ ದೇಶದ ತೆಂಕಣ ನೀರಲ್ಲಿ ಚಿಲೋಯೆ ಅನ್ನುವ ದ್ವೀಪ,
ಅಲ್ಲೊಬ್ಬಳು ಪಿಂಕೋಯಾ,
ಕಡಲಪಾಚಿಯನ್ನೇ ಉಟ್ಟವಳು,
ಅಲೆಯಿಂದೆದ್ದು ಮರಳ ಮೇಲೆ ಕುಣಿಯುತ್ತಾಳಂತೆ.
ಕಡಲಿಗೆ ಮುಖ ಮಾಡಿ ಕುಣಿದರೆ
ಬಲೆ ಹರಿಯುವಷ್ಟು ಮೀನು.
ನೆಲಕ್ಕೆ ಮುಖ ಮಾಡಿದರೆ

ಅಲ್ಲಿಗೆ ಹಾಳೆ ಹರಿದಿತ್ತು. ಅಂಚಿಗೆ ಉಪ್ಪು ಅಂಟಿತ್ತು.

ಗುಡಿಸುತ್ತ ಬಂದ ಮುನಿನಂಜಮ್ಮನಿಗೆ ಓದಿ ಹೇಳಿದೆ.
ಪೊರಕೆ ಕಂಬಕ್ಕೆ ಆನಿಸಿ, ಎಲೆಅಡಿಕೆ ಒಂದು ಕೆನ್ನೆಗೆ ಸರಿಸಿ
"ಇನ್ನೇನ್ ಸ್ವಾಮಿ, ಬರೀ ಬಲೆ" ಅಂದಳು,
ಪಕ್ಕದ ಬೀದಿಯವಳ ಸುದ್ದಿ ಎಂಬಂತೆ.

"ಇಲ್ಲೂ ಒಬ್ಳು ಇದ್ಳು. ನಮ್ಮಜ್ಜಿಯ ಅಜ್ಜಿ ಕಂಡಿದ್ರಂತೆ.
ಅಮಾಸೆ ರಾತ್ರಿ ಏರಿ ಮೇಲೆ ಕೂದ್ಲು ಹಿಂಡ್ಕೊಂಡು ಕೂತಿರೋಳಂತೆ.
ಬಲೆಗೆ ಬಿದ್ದ ಮೊದಲ್ನೇ ಮೀನು ಅವಳ್ದು, ತಿರ್ಗಾ ನೀರಿಗೇ ಬಿಡೋರು."

ಕೆರೆ ಮುಚ್ಚಿದಾಗ?

"ಮಣ್ಣಿನ ಗಾಡಿ ಬಂದ ದಿನ ಆಯಮ್ಮ
ಯಾವ ಕಡೆ ತಿರುಗಿದ್ಳೋ, ಯಾರು ನೋಡವ್ರೆ?"

ಕಡಲು ಇಲ್ಲಿಂದ ಒಂದು ರಾತ್ರಿಯ ಬಸ್ಸಿನ ದಾರಿ,
ಘಟ್ಟ ಇಳಿದು, ಮೂರು ಸಾವಿರ ಅಡಿ ಕೆಳಗೆ.
ಆದರೂ ಈ ಊರಿನವರು
ಒಂದು ಕೆರೆಗೆ ಅಂಬುಧಿ ಅಂತ ಹೆಸರಿಟ್ಟರು.
ಹೆಸರನ್ನೇ ನಂಬಿ ಬಂದುಬಿಡುವವರೂ ಇರುತ್ತಾರೆ.

ಹಾಳೆಯ ಹಿಂಬದಿಯಲ್ಲಿ ಒಂದು ಹಡಗು:
ಮುಳುಗಿ ಸತ್ತವರೇ ನಾವಿಕರು,
ತುಂಬ ದೀಪ, ಒಳಗೆ ಹಾಡು,
ಹತ್ತಿರ ಹೋದರೆ ನೀರಡಿಗೆ ಮಾಯ.
ತಲೆ ಎತ್ತಿದರೆ ಬನಶಂಕರಿಯ ಗಾಡಿ ಬಂದು ನಿಂತಿದೆ,
ಎಲ್ಲ ಲೈಟೂ ಹೊತ್ತಿಸಿಕೊಂಡು, ರೇಡಿಯೋ ಗೊಣಗಿಸಿಕೊಂಡು.
ಯಾರೂ ಇಳಿಯಲಿಲ್ಲ. ಯಾರೂ ಹತ್ತಲಿಲ್ಲ.
ಬರೆದುಕೊಂಡೆ: ಒಂದು ನಲವತ್ತು. ಪ್ರಯಾಣಿಕರು ಸೊನ್ನೆ.
ಸೊನ್ನೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಆಮೇಲೆ ಯಾರೋ ಬಂದು ಹೇಳಿದರು, ಸುರಂಗದಾರಿಯಲ್ಲಿ ನೀರು.
ಮಳೆಯಿಲ್ಲ, ಇನ್ನೂ ಫಾಲ್ಗುಣ.
ಪೈಪು ಒಡೆದಿರಬೇಕು ಅಂದೆ.
ಮುನಿನಂಜಮ್ಮ ಏನೂ ಅನ್ನದೆ
ಸೀರೆ ಎತ್ತಿ ಸಿಕ್ಕಿಸಿ ಮೆಟ್ಟಿಲು ಇಳಿದಳು.
ಪೊರಕೆಗೆ ನೀರು ಸರಿಯುವ ಸದ್ದು, ಬಳೆ ಸದ್ದು,
ಮತ್ತೆ ನೀರು, ಮತ್ತೆ ಬಳೆ,
ಒಂದು ತಾಳಕ್ಕೆ ಬಿದ್ದ ಹಾಗೆ.

ಮೇಲಿಂದ ಬಗ್ಗಿ ಕೂಗಿದೆ:
ಯಾವ ಕಡೆ ತಿರುಗಿದ್ದೀಯಮ್ಮಾ?

ಸದ್ದು ನಿಂತಿತು.
"ಗೊತ್ತಾಗ್ತಿಲ್ಲ ಸ್ವಾಮಿ,
ಇಲ್ಲಿ ಲೈಟ್ ಹೋಗೈತೆ."