ಉಪ್ಪೋ, ಅಲ್ಲವೋ

ಶಂಕರಘಟ್ಟದ ಲ್ಯಾಬು. ಹದಿನೆಂಟು ಡಿಗ್ರಿಯ ಪೆಟ್ಟಿಗೆಯೊಳಗೆ
ನಲವತ್ತೊಂದನೆಯ ದಿನ
ಒಂದು ಹನಿಗೆ ಮೂಲೆಗಳು ಮೂಡಿದವು.

ಸೂಜಿಯಲ್ಲಿ ಒತ್ತಿ ನೋಡು, ಅಂದರು ಮೇಡಂ,
ಉಪ್ಪಾದರೆ ಕಟಕ್ಕನ್ನುತ್ತದೆ.
ಒತ್ತಿದೆ. ಸದ್ದಿಲ್ಲ.
ನೆನೆದ ಅವಲಕ್ಕಿಯ ಹಾಗೆ ಕುಸಿಯಿತು.
ಕುಣಿಯುವಷ್ಟು ಖುಷಿ;
ಆಮೇಲೆ ಹೊಳೆಯಿತು, ಇದ್ದದ್ದು ಅದೊಂದೇ.

ಇಲಿಜ್ವರದ ಈ ಸುರುಳಿ ಜೀವ
ನಾಟಿಯ ಕೆಸರಿನಿಂದ
ಸೊರಬದ ಗುತ್ಯಮ್ಮನ ಹಿಮ್ಮಡಿಯ ಬಿರುಕಿಗೆ ನುಗ್ಗಿದ್ದು.
ಯಾವ ಕೈಯಲ್ಲಿ ಹಿಡಿಯಿತು ಅವಳನ್ನು?
ನನಗೆ ಬೇಕಾದ್ದು ಆ ಕೈಯ ಆಕಾರ,
ಬೆರಳ ಸಂದುಗಳ ಸಮೇತ.

ಅವಳು ಬದುಕಿದಳು.
ಶೀಷೆಯ ಮೇಲೆ ನಂಬರಷ್ಟೇ; ಹೆಸರು ನಾನೇ ಕೇಳಿ ತಿಳಿದದ್ದು.

ಇಂಥ ಹರಳಿನಲ್ಲಿ ಅರ್ಧಕ್ಕರ್ಧ ನೀರು.
ಎಕ್ಸ್-ರೇ ಹಾಯ್ದಾಗ ನೀರು ಗುರುತು ಕೊಡುವುದಿಲ್ಲ,
ಹಿಡಿತ ಮಾತ್ರ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ.

ಮತ್ತೆ ಹನಿ ಇಟ್ಟಿದ್ದೇನೆ.
ಬಾಗಿಲು ತೆಗೆಯಬೇಡ ಅಂತ ಚೀಟಿ ಅಂಟಿಸಿದ್ದೇನೆ,
ನನಗೇ.